ಚೆಕ್ ಎಂಜಿನ್ ಲೈಟ್ ಬಂತಾ? ಮೊದಲು ಕೋಡ್ ಓದಿ, ಆಮೇಲೆ ಪರ್ಸ್ ತೆಗೆಯಿರಿ

ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ಬಣ್ಣದ ಪುಟ್ಟ ಎಂಜಿನ್ ಚಿತ್ರ ಹೊತ್ತಿಕೊಂಡಾಗ ಗಲ್ಫ್‌ನಲ್ಲಿ ದುಡಿಯುವ ನಮ್ಮವರಲ್ಲಿ ಎರಡು ಥರದ ಜನ ಕಾಣಿಸುತ್ತಾರೆ. ಕೆಲವರು "ಕಾರು ಓಡ್ತಾ ಇದೆಯಲ್ಲ, ಮುಲ್ಕಿಯಾ ರಿನ್ಯೂ ಮಾಡುವಾಗ ನೋಡಿದ್ರಾಯ್ತು" ಅಂತ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಅದೇ ಸಂಜೆ ಸನಾಯ್ಯದ ಗ್ಯಾರೇಜಿಗೆ ಓಡಿ, ಸ್ಕ್ಯಾನರ್‌ನಲ್ಲಿ ಯಾವ ಸೆನ್ಸರ್ ಹೆಸರು ಬಂತೋ ಅದನ್ನೇ ಬದಲಾಯಿಸಿ, ವಾರ ಕಳೆಯುವಷ್ಟರಲ್ಲಿ ಅದೇ ಲೈಟನ್ನು ಮತ್ತೆ ನೋಡುತ್ತಾರೆ. ಮೊದಲನೆಯವರು ಸಣ್ಣ ರಿಪೇರಿಯನ್ನು ದೊಡ್ಡದು ಮಾಡಿಕೊಳ್ಳುತ್ತಾರೆ. ಎರಡನೆಯವರು ಊರಿಗೆ ಕಳುಹಿಸಬೇಕಾದ ದುಡ್ಡನ್ನು ಹಾಳಾಗದ ಪಾರ್ಟ್ ಮೇಲೆ ಸುರಿಯುತ್ತಾರೆ.

ಒಂದು ವಿಷಯ ಗೊತ್ತಿದ್ದರೆ ಈ ಎರಡೂ ನಷ್ಟ ತಪ್ಪುತ್ತದೆ. ಯಾವ ಅಳತೆ ಸರಿಯಿಲ್ಲ ಎಂಬುದನ್ನಷ್ಟೇ ಕೋಡ್ ತಿಳಿಸುತ್ತದೆ. ಯಾವ ಪಾರ್ಟ್ ಹಾಳಾಗಿದೆ ಎಂದು ಅದಕ್ಕೆ ಗೊತ್ತಿರುವುದಿಲ್ಲ. ಥರ್ಮಾಮೀಟರ್ ಜ್ವರ ಇದೆ ಅನ್ನುತ್ತದೆ, ಅದು ಮಲೇರಿಯಾನಾ ಡೆಂಗಿನಾ ಅಂತ ತಿಳಿಯಲು ರಕ್ತ ಪರೀಕ್ಷೆ ಬೇಕಲ್ಲ, ಹಾಗೆಯೇ ಇದೂ. ಕೋಡ್ ಸಿಕ್ಕಿದ ಮೇಲೆ ಪರೀಕ್ಷೆ, ಪರೀಕ್ಷೆಯಾದ ಮೇಲೆ ಪಾರ್ಟ್. ಈ ಕ್ರಮದಲ್ಲಿ ಮನೆಯಲ್ಲೇ ಏನೇನು ನೋಡಬಹುದು, ಗ್ಯಾರೇಜಿನಲ್ಲಿ ಏನು ಕೇಳಬೇಕು ಅನ್ನುವುದನ್ನು ಇಲ್ಲಿ ಒಟ್ಟು ಮಾಡಿ ಕೊಟ್ಟಿದ್ದೇವೆ.

ಕೂಡಲೇ ನಿಲ್ಲಿಸಬೇಕಾ, ಓಡಿಸಬಹುದಾ?

ಲೈಟ್ ಸ್ಥಿರವಾಗಿ ಹೊತ್ತಿದೆ, ಕಾರು ಮಾಮೂಲಿನಂತೆ ಓಡುತ್ತಿದೆ: ಗಾಬರಿ ಬೇಡ. ಮನೆಗೋ ಡ್ಯೂಟಿಗೋ ಹೋಗಿ. ಎರಡು ಮೂರು ದಿನದೊಳಗೆ ಕೋಡ್ ಓದಿಸಿ.

ಲೈಟ್ ಮಿನುಗುತ್ತಿದೆ, ಎಂಜಿನ್ ನಡುಗುತ್ತಿದೆ: ಇದು ಗಂಭೀರ. ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಸೈಲೆನ್ಸರ್ ಕಡೆ ಹೋಗುತ್ತಿದೆ ಎಂದರ್ಥ. ಅದು ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೊತ್ತಿ ಉರಿದು ಅದನ್ನು ವಿಪರೀತ ಕಾಯಿಸುತ್ತದೆ. ಆಕ್ಸಿಲರೇಟರ್ ಬಿಟ್ಟು ನಿಧಾನ ಮಾಡಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಆ ಸ್ಥಿತಿಯಲ್ಲಿ 120ರ ವೇಗದಲ್ಲಿ ಹೈವೇಯಲ್ಲಿ ಹೋದರೆ ಒಂದು ಕಾಯಿಲ್‌ನಲ್ಲಿ ಮುಗಿಯಬೇಕಾದ ಖರ್ಚು ಕನ್ವರ್ಟರ್‌ವರೆಗೆ ಹೋಗುತ್ತದೆ.

ಕೆಂಪು ಬಣ್ಣದ ಆಯಿಲ್ ಲೈಟ್ ಬಂತು ಅಥವಾ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಯಿತು: ಇವು ಚೆಕ್ ಎಂಜಿನ್ ಲೈಟಿಗಿಂತ ಬೇರೆ ಮತ್ತು ತುರ್ತು. ರಸ್ತೆ ಬದಿಗೆ ತಂದು ಎಂಜಿನ್ ಆಫ್ ಮಾಡಿ, ಹಜಾರ್ಡ್ ಲೈಟ್ ಹಾಕಿ. ಕಾದ ರೇಡಿಯೇಟರ್ ಮುಚ್ಚಳ ಮಾತ್ರ ತೆರೆಯಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಬೇಸಿಗೆಯಲ್ಲಿ ನಿಂತ ಕಾರಿನೊಳಗೆ ಕೂತಿರುವುದೂ ಅಪಾಯ, ಬ್ಯಾರಿಯರ್‌ನ ಆಚೆ ನೆರಳು ಹುಡುಕಿಕೊಳ್ಳಿ.

ಈ ಕೋಡ್‌ಗಳು ಬಂದದ್ದು ಹೇಗೆ?

ಕಾರಿನ ಕಂಪ್ಯೂಟರ್ ತನ್ನ ದೋಷವನ್ನು ತಾನೇ ಬರೆದಿಟ್ಟುಕೊಳ್ಳುವ ಈ ವ್ಯವಸ್ಥೆಗೆ ಒಬಿಡಿ ಎಂದು ಹೆಸರು. ಹೊಗೆ ಮಾಲಿನ್ಯ ತಡೆಯಲು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಇದರ ಮೊದಲ ರೂಪವನ್ನು 1988ರ ಮಾಡೆಲ್‌ಗಳಿಂದ ಜಾರಿಗೆ ತಂದಿತು. ಆಗ ಒಂದೊಂದು ಕಂಪನಿಗೆ ಒಂದೊಂದು ಪ್ಲಗ್, ಒಂದೊಂದು ಭಾಷೆ. ಎಲ್ಲ ಕಂಪನಿಗೂ ಒಂದೇ ಪ್ಲಗ್, ಒಂದೇ ಥರದ ಕೋಡ್ ಇರುವ ಒಬಿಡಿ 2 ಅಮೆರಿಕದಲ್ಲಿ 1996ರಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಕಡ್ಡಾಯವಾಯಿತು. ಇವತ್ತು ಗಲ್ಫ್ ರಸ್ತೆಯಲ್ಲಿ ಓಡುವ ಕೊರೊಲ್ಲಾ, ಸನ್ನಿ, ಪಜೇರೊ, ಹೈಲಕ್ಸ್ ಯಾವುದಕ್ಕೇ ಆಗಲಿ ಸ್ಟಿಯರಿಂಗ್ ಕೆಳಗೆ 16 ಪಿನ್‌ನ ಅದೇ ಸಾಕೆಟ್ ಸಿಗುವುದು ಇದೇ ಕಾರಣಕ್ಕೆ.

ಮೂಲ ಉದ್ದೇಶ ಹೊಗೆ ಎಂಬುದು ನೆನಪಿರಲಿ. ಬ್ರೇಕ್ ಪ್ಯಾಡ್ ಸವೆದರೆ, ಸಸ್ಪೆನ್ಷನ್ ಬುಷ್ ಹೋದರೆ, ಬೆಲ್ಟ್ ಬಿರುಕು ಬಿಟ್ಟರೆ ಈ ಲೈಟ್ ಬರುವುದಿಲ್ಲ. ಲೈಟ್ ಇಲ್ಲ ಎಂದ ಮಾತ್ರಕ್ಕೆ ಕಾರು ಚೆನ್ನಾಗಿದೆ ಅಂತ ಅಲ್ಲ.

ಐದು ಅಕ್ಷರ ಓದುವುದು ಹೇಗೆ?

ಪರದೆ ಮೇಲೆ ಮೊದಲ ಅಕ್ಷರ ಇಂಗ್ಲಿಷಿನಲ್ಲಿ ಕಾಣುತ್ತದೆ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇವೆ. ಉದಾಹರಣೆಗೆ ಪಿ0302.

ಮೊದಲ ಅಕ್ಷರ: ಪಿ ಎಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್. ಬಿ ಎಂದರೆ ಬಾಡಿ, ಅಂದ್ರೆ ಏರ್‌ಬ್ಯಾಗ್, ಡೋರ್, ಎಸಿ ಇತ್ಯಾದಿ. ಸಿ ಎಂದರೆ ಬ್ರೇಕ್, ಸ್ಟಿಯರಿಂಗ್, ಸಸ್ಪೆನ್ಷನ್. ಯು ಎಂದರೆ ಕಾರಿನೊಳಗಿನ ಕಂಪ್ಯೂಟರ್‌ಗಳ ನಡುವಿನ ಮಾತುಕತೆ ನಿಂತಿದೆ.

ಎರಡನೆಯದು: 0 ಇದ್ದರೆ ಎಲ್ಲ ಕಂಪನಿಗೂ ಒಂದೇ ಅರ್ಥ. 1 ಇದ್ದರೆ ಆಯಾ ಕಂಪನಿಯದೇ ಅರ್ಥ, ಆದ್ದರಿಂದ ಗೂಗಲ್ ಮಾಡುವಾಗ ಕಾರಿನ ಹೆಸರು, ಮಾಡೆಲ್, ವರ್ಷ ಸೇರಿಸಿ ಹುಡುಕಿ. ನಿಸ್ಸಾನ್‌ನ ಉತ್ತರ ಹೋಂಡಾಕ್ಕೆ ಹೊಂದುವುದಿಲ್ಲ.

ಮೂರನೆಯದು ವಿಭಾಗ: 1 ಮತ್ತು 2 ಗಾಳಿ-ಇಂಧನದ ಅಳತೆ, 3 ಇಗ್ನಿಷನ್ ಮತ್ತು ಮಿಸ್‌ಫೈರ್, 4 ಹೊಗೆ ನಿಯಂತ್ರಣ, 5 ವೇಗ ಮತ್ತು ಐಡಲ್, 6 ಕಂಪ್ಯೂಟರ್, 7ರಿಂದ ಮೇಲೆ ಗೇರ್‌ಬಾಕ್ಸ್.

ಕೊನೆಯ ಎರಡು ಅಂಕೆ ನಿರ್ದಿಷ್ಟ ದೂರು. ಹಾಗಾಗಿ ಪಿ0302 ಎಂದರೆ ಎರಡನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್. ಬ್ಯಾಂಕ್ 1 ಎಂದು ಬಂದರೆ ಮೊದಲ ಸಿಲಿಂಡರ್ ಇರುವ ಬದಿ. ಬ್ಯಾಂಕ್ 2 ಇರುವುದು ವಿ6, ವಿ8 ಥರದ ಎರಡು ಸಾಲಿನ ಎಂಜಿನ್‌ಗಳಲ್ಲಿ.

ಯಾವ ಸ್ಕ್ಯಾನರ್ ಸಾಕು?

ಮನೆ ಬಳಕೆಗೆ ಮೊಬೈಲ್ ಜೊತೆ ಕೆಲಸ ಮಾಡುವ ಬ್ಲೂಟೂತ್ ಡಾಂಗಲ್ ಸಾಕು. ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನವು ಇಎಲ್ಎಂ 327 ಎಂಬ ಚಿಪ್‌ನ ನಕಲುಗಳು. ಅತಿ ಅಗ್ಗದ ನಕಲುಗಳು ಕೆಲವು ಕಾರಿಗೆ ಕನೆಕ್ಟ್ ಆಗುವುದೇ ಇಲ್ಲ, ಆದ್ದರಿಂದ ವಾಪಸ್ ಕೊಡಲು ಆಗುವ ಕಡೆಯಿಂದಲೇ ಕೊಳ್ಳಿ. ಐಫೋನ್ ಇರುವವರು ಐಫೋನಿಗೆ ಹೊಂದುತ್ತದೆ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ತೆಗೆದುಕೊಳ್ಳಿ, ಹಳೆ ಮಾದರಿಯ ಬ್ಲೂಟೂತ್ ಡಾಂಗಲ್ ಅದರಲ್ಲಿ ನಡೆಯಲ್ಲ. ಟಾರ್ಕ್, ಕಾರ್ ಸ್ಕ್ಯಾನರ್ ಮುಂತಾದ ಆ್ಯಪ್‌ಗಳು ಕೋಡ್ ಮಾತ್ರವಲ್ಲ, ಲೈವ್ ಡೇಟಾವನ್ನೂ ತೋರಿಸುತ್ತವೆ. ನಿಜವಾದ ಉಪಯೋಗ ಅದರಲ್ಲೇ ಇರುವುದು.

ಇದರ ಮಿತಿಯೂ ತಿಳಿದಿರಲಿ. ಏರ್‌ಬ್ಯಾಗ್, ಎಬಿಎಸ್, ಗೇರ್‌ಬಾಕ್ಸ್‌ನ ಒಳ ಕೋಡ್‌ಗಳನ್ನು ಸಾದಾ ಡಾಂಗಲ್ ಬಹಳ ಕಾರುಗಳಲ್ಲಿ ಓದುವುದಿಲ್ಲ. ಪಿ0700 ಬಂದರೆ "ಗೇರ್‌ಬಾಕ್ಸ್ ಕಂಪ್ಯೂಟರ್ ಬಳಿ ಬೇರೆ ಕೋಡ್ ಇದೆ, ಹೋಗಿ ಕೇಳು" ಎಂದಷ್ಟೇ ಅರ್ಥ. ಅದಕ್ಕೆ ಗ್ಯಾರೇಜಿನ ದೊಡ್ಡ ಸ್ಕ್ಯಾನರ್ ಬೇಕು.

ಅಳಿಸುವ ಮೊದಲು ಬರೆದುಕೊಳ್ಳಿ

ಸ್ಕ್ಯಾನರ್ ಚುಚ್ಚಿದ ಕೂಡಲೇ ಕ್ಲಿಯರ್ ಬಟನ್ ಒತ್ತುವುದು ತುಂಬಾ ಜನ ಮಾಡುವ ಕೆಲಸ. ಅದರಿಂದ ಕೋಡ್ ಜೊತೆಗೆ ಸಾಕ್ಷಿಯೂ ಅಳಿಸಿಹೋಗುತ್ತದೆ. ಮೊದಲು ಎಲ್ಲ ಪರದೆಗಳ ಫೋಟೋ ತೆಗೆಯಿರಿ.

ಸ್ಟೋರ್ಡ್ ಕೋಡ್ ಎಂದರೆ ದೃಢಪಟ್ಟ ದೋಷ. ಪೆಂಡಿಂಗ್ ಎಂದರೆ ಒಮ್ಮೆ ಕಂಡಿದೆ, ಇನ್ನೂ ಖಾತ್ರಿಯಾಗಿಲ್ಲ. ಬಹಳಷ್ಟು ದೋಷಗಳು ಎರಡು ಸಲದ ಓಡಾಟದಲ್ಲಿ ಸತತವಾಗಿ ಕಂಡರೆ ಮಾತ್ರ ಲೈಟ್ ಹೊತ್ತುತ್ತದೆ. ಪರ್ಮನೆಂಟ್ ಕೋಡ್ ಎಂದರೆ ಸ್ಕ್ಯಾನರ್‌ನಿಂದ ಅಳಿಸಲಾಗದ್ದು. ದೋಷ ನಿಜಕ್ಕೂ ಹೋಗಿದೆ ಎಂದು ಕಾರಿಗೇ ಮನವರಿಕೆಯಾದಾಗ ಮಾತ್ರ ಹೋಗುತ್ತದೆ. ಅಮೆರಿಕ ಮಾರುಕಟ್ಟೆಗೆಂದು ತಯಾರಾದ ಇತ್ತೀಚಿನ ಕಾರುಗಳಲ್ಲಿ ಇದು ಸಿಗುತ್ತದೆ.

ಇನ್ನೊಂದು ಪರದೆ ಫ್ರೀಜ್ ಫ್ರೇಮ್. ದೋಷ ಕಂಡ ಕ್ಷಣದಲ್ಲಿ ವೇಗ ಎಷ್ಟಿತ್ತು, ಆರ್‌ಪಿಎಂ ಎಷ್ಟು, ಕೂಲಂಟ್ ಎಷ್ಟು ಬಿಸಿ, ಎಂಜಿನ್ ಮೇಲೆ ಎಷ್ಟು ಲೋಡ್ ಎಂಬುದು ಅದರಲ್ಲಿರುತ್ತದೆ. ಸಿಗ್ನಲ್‌ನಲ್ಲಿ ನಿಂತಿದ್ದಾಗ ಬಂದ ಕೋಡಿಗೂ ಹೈವೇಯಲ್ಲಿ ಓವರ್‌ಟೇಕ್ ಮಾಡುವಾಗ ಬಂದ ಕೋಡಿಗೂ ಕಾರಣ ಬೇರೆ ಬೇರೆ ಇರುತ್ತದೆ. ಒಳ್ಳೆ ಮೆಕ್ಯಾನಿಕ್ ಮೊದಲು ಕೇಳುವುದು ಇದನ್ನೇ.

ಬಾನೆಟ್ ತೆಗೆದು ಕಣ್ಣಿಂದ ನೋಡಿ

ಎಂಜಿನ್ ಪೂರ್ತಿ ತಣ್ಣಗಿರುವಾಗ, ಬೆಳಗ್ಗೆ ಹತ್ತು ನಿಮಿಷ ಕೊಡಿ. ಒಂದು ಟಾರ್ಚ್ ಸಾಕು.

ಏರ್ ಫಿಲ್ಟರ್ ಡಬ್ಬ ಸರಿಯಾಗಿ ಕೂತಿದೆಯಾ, ಕ್ಲಿಪ್ ಬಿಟ್ಟಿದೆಯಾ? ಮರಳು ಗಾಳಿ ಬೀಸಿದ ಮೇಲೆ ಫಿಲ್ಟರ್ ತುಂಬಿರುತ್ತದೆ. ಸರ್ವೀಸ್ ಮಾಡಿಸಿದ ಮರುದಿನವೇ ಲೈಟ್ ಬಂದರೆ ಈ ಡಬ್ಬದ ಸುತ್ತಲೇ ಮೊದಲು ನೋಡಿ. ಸೆನ್ಸರ್ ಪ್ಲಗ್ ಹಾಕಲು ಮರೆತಿರುವುದು, ಪೈಪ್ ಸರಿಯಾಗಿ ಕೂರಿಸದಿರುವುದು ಅಪರೂಪವಲ್ಲ.

ರಬ್ಬರ್ ಹೋಸ್‌ಗಳನ್ನು ಮೆಲ್ಲಗೆ ಬಗ್ಗಿಸಿ ನೋಡಿ. ಇಲ್ಲಿನ ಬಿಸಿಗೆ ಬಾನೆಟ್ ಒಳಗಿನ ರಬ್ಬರ್, ಪ್ಲಾಸ್ಟಿಕ್ ಬೇಗ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಮಡಿಕೆಯಲ್ಲಿ ಅಡಗಿದ ಬಿರುಕು ಬಗ್ಗಿಸಿದಾಗ ಮಾತ್ರ ಕಾಣುತ್ತದೆ.

ಆಯಿಲ್ ಡಿಪ್‌ಸ್ಟಿಕ್, ಕೂಲಂಟ್ ಮಟ್ಟ, ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಹಿಟ್ಟು ಕಟ್ಟಿದೆಯಾ ಎಂಬುದನ್ನೂ ನೋಡಿ. ಟರ್ಮಿನಲ್ ಕೈಯಿಂದ ಅಲ್ಲಾಡಿಸಿದರೆ ಅಲುಗಬಾರದು.

ಬ್ಯಾಟರಿಗೆ ಒಂದು ಮಲ್ಟಿಮೀಟರ್ ಹಿಡಿಯಿರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಸುಮಾರು 12.6 ವೋಲ್ಟ್ ಇರಬೇಕು, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.7ರ ನಡುವೆ. ಹೊಸ ಕಾರುಗಳಲ್ಲಿ ಆಲ್ಟರ್ನೇಟರ್ ಕಂಪ್ಯೂಟರ್ ಹೇಳಿದಂತೆ ಏರಿಳಿಯುವುದರಿಂದ ಸ್ವಲ್ಪ ವ್ಯತ್ಯಾಸ ಇರಬಹುದು. ಬ್ಯಾಟರಿಗೆ ಚಳಿಗಿಂತ ಬಿಸಿಯೇ ದೊಡ್ಡ ಶತ್ರು. ಬ್ಯಾಟರಿ ಸೊರಗಿದಾಗ ಪಿ0562 ಜೊತೆಗೆ ಎಬಿಎಸ್, ಸ್ಟಿಯರಿಂಗ್, ಯು ಕೋಡ್ ಅಂತ ಒಂದು ಹಿಂಡೇ ಬರುತ್ತದೆ. ಬ್ಯಾಟರಿ ಹಾಕಿದರೆ ಎಲ್ಲವೂ ಮಾಯ. ಆದ್ದರಿಂದ ಏಕಕಾಲಕ್ಕೆ ಸಂಬಂಧವೇ ಇಲ್ಲದ ಐದಾರು ಕೋಡ್ ಬಂದರೆ ಮೊದಲ ಅನುಮಾನ ಬ್ಯಾಟರಿ ಮೇಲೆ ಇರಲಿ.

ಹೆಚ್ಚಾಗಿ ಬರುವ ಕೋಡ್‌ಗಳು ಮತ್ತು ಪರೀಕ್ಷೆ

ಪಿ0300ರಿಂದ ಪಿ0308: ಮಿಸ್‌ಫೈರ್

ಕೊನೆಯ ಅಂಕೆ ಸಿಲಿಂಡರ್ ಸಂಖ್ಯೆ. ಪಿ0300 ಎಂದರೆ ಒಂದಲ್ಲ, ಬೇರೆ ಬೇರೆ ಸಿಲಿಂಡರ್. ಪ್ರತಿ ಪ್ಲಗ್‌ಗೂ ಪ್ರತ್ಯೇಕ ಕಾಯಿಲ್ ಇರುವ ಕಾರುಗಳಲ್ಲಿ ಖರ್ಚಿಲ್ಲದ ಪರೀಕ್ಷೆ ಇದೆ. ಪಿ0302 ಬಂದಿದೆ ಅನ್ನಿ. ಎಂಜಿನ್ ಆಫ್ ಮಾಡಿ ಎರಡನೇ ಸಿಲಿಂಡರ್‌ನ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ. ಕೋಡ್ ಅಳಿಸಿ ಓಡಿಸಿ. ಈಗ ಪಿ0303 ಬಂದರೆ ಕಾಯಿಲ್ ಹಾಳಾಗಿದೆ, ಅದೊಂದನ್ನೇ ಬದಲಾಯಿಸಿ. ಮತ್ತೆ ಪಿ0302 ಬಂದರೆ ಕಾಯಿಲ್ ಸರಿಯಿದೆ. ಮುಂದಿನ ಸರದಿ ಪ್ಲಗ್‌ನದು, ಅದನ್ನೂ ಹೀಗೇ ಅದಲು ಬದಲು ಮಾಡಿ. ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ ಪರೀಕ್ಷೆ.

ಕಾಯಿಲ್ ತೆಗೆದಾಗ ಪ್ಲಗ್ ಇರುವ ಗುಂಡಿಯಲ್ಲಿ ಆಯಿಲ್ ಕಂಡರೆ ವಾಲ್ವ್ ಕವರ್ ಗ್ಯಾಸ್ಕೆಟ್ ಸೋರುತ್ತಿದೆ. ಅದನ್ನು ಸರಿಮಾಡದೆ ಹೊಸ ಕಾಯಿಲ್ ಹಾಕಿದರೆ ಅದೂ ಹಾಳಾಗುತ್ತದೆ. ಇರಿಡಿಯಮ್ ಪ್ಲಗ್ ಸುಮಾರು 1 ಲಕ್ಷ ಕಿ.ಮೀ. ಬಾಳುತ್ತದೆ, ಸಾದಾ ಪ್ಲಗ್ ಅದಕ್ಕಿಂತ ತುಂಬಾ ಬೇಗ ಸವೆಯುತ್ತದೆ. ನಿಮ್ಮ ಕಾರಿನದು ಯಾವುದು ಎಂದು ಮ್ಯಾನುಯಲ್‌ನಲ್ಲಿ ನೋಡಿ.

ಪಿ0171, ಪಿ0174: ಮಿಶ್ರಣ ತೆಳು

ಗಾಳಿ ಹೆಚ್ಚು, ಪೆಟ್ರೋಲ್ ಕಮ್ಮಿ ಎಂದರ್ಥ. ಆಕ್ಸಿಜನ್ ಸೆನ್ಸರ್ ಈ ದೂರು ಕೊಡುವುದರಿಂದ ಕೆಲವು ಗ್ಯಾರೇಜಿನಲ್ಲಿ ಆ ಸೆನ್ಸರನ್ನೇ ಬದಲಾಯಿಸುತ್ತಾರೆ. ಬಹಳ ಸಲ ಸೆನ್ಸರ್ ಹೇಳುತ್ತಿರುವುದು ನಿಜವೇ ಆಗಿರುತ್ತದೆ.

ಇಲ್ಲಿ ಲೈವ್ ಡೇಟಾದ ಫ್ಯೂಯೆಲ್ ಟ್ರಿಮ್ ನೋಡಬೇಕು. ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಶೇಕಡಾ ಪೆಟ್ರೋಲ್ ಹೆಚ್ಚು ಅಥವಾ ಕಮ್ಮಿ ಕೊಡುತ್ತಿದೆ ಎಂಬುದು ಅದು. ಶಾರ್ಟ್ ಮತ್ತು ಲಾಂಗ್ ಎರಡನ್ನೂ ಕೂಡಿಸಿ. ಸೊನ್ನೆಯ ಆಚೀಚೆ ಶೇ. 10ರೊಳಗಿದ್ದರೆ ಚಿಂತೆಯಿಲ್ಲ. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಒಮ್ಮೆ, 2500 ಆರ್‌ಪಿಎಂ ಹಿಡಿದು ಒಮ್ಮೆ ನೋಡಿ.

ಐಡಲ್‌ನಲ್ಲಿ ಶೇ. 20ರ ಮೇಲೆ ಇದ್ದು, 2500ಕ್ಕೆ ಏರಿಸಿದಾಗ ಇಳಿದರೆ ಎಲ್ಲೋ ಗಾಳಿ ಒಳನುಗ್ಗುತ್ತಿದೆ, ಅಂದ್ರೆ ವ್ಯಾಕ್ಯೂಮ್ ಲೀಕ್. ಹಿಸ್ ಎಂಬ ಸದ್ದು ಕೇಳಿ, ಹೋಸ್ ನೋಡಿ, ಕಾಣದಿದ್ದರೆ ಗ್ಯಾರೇಜಿನಲ್ಲಿ ಸ್ಮೋಕ್ ಟೆಸ್ಟ್ ಕೇಳಿ. ಬಿಸಿ ಎಂಜಿನ್ ಮೇಲೆ ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಮಾಡಿ ಹುಡುಕುವ ವಿಡಿಯೋಗಳನ್ನು ನಂಬಬೇಡಿ, ಬೆಂಕಿ ಹತ್ತಿಕೊಳ್ಳುವ ಅಪಾಯವಿದೆ.

ಐಡಲ್‌ನಲ್ಲಿ ಸರಿಯಿದ್ದು, ವೇಗ ಹೆಚ್ಚಿಸಿದಂತೆ ಟ್ರಿಮ್ ಏರಿದರೆ ಏರ್‌ಫ್ಲೋ ಸೆನ್ಸರ್ ಕೊಳೆಯಾಗಿದೆ ಅಥವಾ ಪೆಟ್ರೋಲ್ ಸಾಲುತ್ತಿಲ್ಲ. ಸೆನ್ಸರ್ ತೊಳೆಯಲು ಅದಕ್ಕೆಂದೇ ಇರುವ ಸ್ಪ್ರೇ ಮಾತ್ರ ಬಳಸಿ, ಬಟ್ಟೆ ಬೆರಳು ತಾಗಿಸಬೇಡಿ, ಪೂರ್ತಿ ಒಣಗಿದ ಮೇಲೆ ಹಾಕಿ. ಆಮೇಲೂ ಸರಿಯಾಗದಿದ್ದರೆ ಫ್ಯೂಯೆಲ್ ಪ್ರೆಷರ್ ಪರೀಕ್ಷೆ. ವಿ6ನಲ್ಲಿ ಎರಡೂ ಕೋಡ್ ಒಟ್ಟಿಗೆ ಬಂದರೆ ಎರಡೂ ಬದಿಗೆ ಸಾಮಾನ್ಯವಾದ ಕಾರಣ ಹುಡುಕಿ. ಎರಡು ಆಕ್ಸಿಜನ್ ಸೆನ್ಸರ್ ಒಂದೇ ದಿನ ಸಾಯುವುದು ಬಹಳ ಅಪರೂಪ.

ಪಿ0420, ಪಿ0430: ಕ್ಯಾಟಲಿಟಿಕ್ ಕನ್ವರ್ಟರ್

ಇದು ಜೇಬಿಗೆ ದೊಡ್ಡ ಪೆಟ್ಟು ಕೊಡುವ ಕೋಡ್. ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಥರದ ಬೆಲೆಬಾಳುವ ಲೋಹಗಳಿರುವುದರಿಂದ ಹೊಸದು ದುಬಾರಿ. ಕನ್ವರ್ಟರ್ ಹಿಂದಿನ ಆಕ್ಸಿಜನ್ ಸೆನ್ಸರ್ ನೋಡಿ. ಸಾಮಾನ್ಯವಾಗಿ ಅದು 0.6, 0.7 ವೋಲ್ಟ್ ಸುತ್ತ ಹೆಚ್ಚು ಏರಿಳಿಯದೆ ನಿಂತಿರಬೇಕು. 0.1ರಿಂದ 0.9ರವರೆಗೆ ಬೇಗ ಬೇಗ ಕುಣಿಯುತ್ತಿದ್ದರೆ ಕನ್ವರ್ಟರ್ ತನ್ನ ಕೆಲಸ ಮಾಡುತ್ತಿಲ್ಲ.

ಆದರೂ ಬದಲಾಯಿಸುವ ಮೊದಲು ಮೂರು ಪ್ರಶ್ನೆ. ಮಿಸ್‌ಫೈರ್ ಕೋಡ್ ಕೂಡ ಇದೆಯಾ? ಇದ್ದರೆ ಅದನ್ನು ಮೊದಲು ಸರಿಮಾಡಿ. ಸೈಲೆನ್ಸರ್ ಪೈಪ್‌ನಲ್ಲಿ ಸೆನ್ಸರ್ ಹತ್ತಿರ ಸೋರಿಕೆ ಇದೆಯಾ? ಹೊರಗಿನ ಗಾಳಿ ಸೇರಿದರೂ ಅಳತೆ ತಪ್ಪುತ್ತದೆ. ಎಂಜಿನ್ ಆಯಿಲ್ ಕುಡಿಯುತ್ತಿದೆಯಾ? ಕುಡಿಯುತ್ತಿದ್ದರೆ ಹೊಸ ಕನ್ವರ್ಟರೂ ಹಾಳಾಗುತ್ತದೆ.

"ಒಳಗಿನದು ತೆಗೆದು ಖಾಲಿ ಮಾಡಿ ಕೊಡ್ತೇವೆ, ಕಮ್ಮಿಗೆ ಆಗ್ತದೆ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಖಾಲಿ ಮಾಡಿದರೆ ಕೋಡ್ ಹೋಗುವುದಿಲ್ಲ, ಹೊಗೆ ಹೆಚ್ಚುತ್ತದೆ, ಬೆಲೆಬಾಳುವ ಲೋಹ ಮಾತ್ರ ನಿಮ್ಮ ಕೈತಪ್ಪುತ್ತದೆ.

ಪಿ0442, ಪಿ0455, ಪಿ0456: ಪೆಟ್ರೋಲ್ ಆವಿ ಸೋರಿಕೆ

ಅಮೆರಿಕದಿಂದ ತಂದ ಕಾರು ಕೊಂಡವರು ಇದನ್ನು ಹೆಚ್ಚು ನೋಡುತ್ತಾರೆ, ಏಕೆಂದರೆ ಅಲ್ಲಿಯ ನಿಯಮದಂತೆ ಟ್ಯಾಂಕಿನ ಆವಿ ಸಣ್ಣದಾಗಿ ಸೋರಿದರೂ ಕಾರು ಪತ್ತೆ ಹಚ್ಚಬೇಕು. ಮೊದಲು ಪೆಟ್ರೋಲ್ ಮುಚ್ಚಳ ಬಿಗಿ ಮಾಡಿ, ಅದರ ರಬ್ಬರ್ ರಿಂಗ್ ನೋಡಿ. ಬಿಗಿ ಮಾಡಿ ಕೆಲವು ದಿನ ಓಡಿಸಿದರೆ ಲೈಟ್ ತಾನೇ ಹೋಗುವ ಸಾಧ್ಯತೆ ಇದೆ. ಪಂಪ್‌ನಲ್ಲಿ ನಳಿಕೆ ಒಮ್ಮೆ ಟಕ್ ಅಂತ ನಿಂತ ಮೇಲೆ ಮತ್ತೆ ಒತ್ತಿ ಒತ್ತಿ ತುಂಬಿಸಲು ಬಿಡಬೇಡಿ. ಹೆಚ್ಚಾದ ಪೆಟ್ರೋಲ್ ಆವಿ ಹೀರುವ ಇದ್ದಿಲ ಡಬ್ಬಕ್ಕೆ ಹೋಗಿ ಅದನ್ನು ಕೆಡಿಸುತ್ತದೆ. ಇದು ತುರ್ತಿನ ಕೋಡ್ ಅಲ್ಲ, ಆದರೆ ಪೆಟ್ರೋಲ್ ವಾಸನೆ ಬರುತ್ತಿದ್ದರೆ ತಡ ಮಾಡಬೇಡಿ.

ಪಿ0117, ಪಿ0118, ಪಿ0128, ಪಿ0480: ತಾಪಮಾನ ಮತ್ತು ಫ್ಯಾನ್

ರಾತ್ರಿಯಿಡೀ ನಿಂತ ಕಾರಿಗೆ ಬೆಳಗ್ಗೆ ಕೀ ಮಾತ್ರ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಆ್ಯಪ್‌ನಲ್ಲಿ ನೋಡಿ. ಕೂಲಂಟ್ ಮತ್ತು ಒಳಬರುವ ಗಾಳಿ, ಎರಡರ ತಾಪಮಾನವೂ ಹೊರಗಿನ ಹವೆಗೆ ಹತ್ತಿರ ಇರಬೇಕು. ಹೊರಗೆ 35 ಡಿಗ್ರಿ ಸೆಕೆಯಲ್ಲಿ ಪರದೆ ಮೈನಸ್ 40 ತೋರಿಸಿದರೆ ಸೆನ್ಸರ್‌ನ ವೈರ್ ತುಂಡಾಗಿದೆ ಅಥವಾ ಪ್ಲಗ್ ಕಳಚಿದೆ. ಸೆನ್ಸರ್ ಕೊಳ್ಳುವ ಮೊದಲು ಪ್ಲಗ್ ಒತ್ತಿ ನೋಡಿ.

ಪಿ0128 ಎಂದರೆ ಎಂಜಿನ್ ಬೇಕಾದಷ್ಟು ಬೇಗ ಬಿಸಿಯಾಗುತ್ತಿಲ್ಲ. ಸಾಮಾನ್ಯವಾಗಿ ಥರ್ಮೋಸ್ಟ್ಯಾಟ್ ತೆರೆದೇ ಉಳಿದಿರುತ್ತದೆ, ಕೂಲಂಟ್ ಕಮ್ಮಿಯಾದರೂ ಬರಬಹುದು. "ಇಲ್ಲಿ ಸೆಕೆ ಅಲ್ವಾ, ಥರ್ಮೋಸ್ಟ್ಯಾಟ್ ಬೇಡ" ಅಂತ ತೆಗೆದುಹಾಕಿದ ಕಾರುಗಳಲ್ಲಿ ಈ ಕೋಡ್ ಸಹಜ. ಅದನ್ನು ತೆಗೆದರೆ ಪೆಟ್ರೋಲ್ ಹೆಚ್ಚು ಹೋಗುತ್ತದೆ, ಎಂಜಿನ್ ಬೇಗ ಸವೆಯುತ್ತದೆ.

ಪಿ0480 ಫ್ಯಾನ್‌ನ ವಿದ್ಯುತ್ ದಾರಿಯ ದೂರು. ಓಡುವಾಗ ಎಸಿ ತಣ್ಣಗಿದ್ದು ಸಿಗ್ನಲ್‌ನಲ್ಲಿ ನಿಂತಾಗ ಬಿಸಿ ಗಾಳಿ ಬಂದರೆ ಇದೇ ಸೂಚನೆ. ಎಸಿ ಹಾಕಿ ಫ್ಯಾನ್ ತಿರುಗುತ್ತಾ ನೋಡಿ, ಕೈ ಮಾತ್ರ ಹತ್ತಿರ ಒಯ್ಯಬೇಡಿ. ಫ್ಯೂಸ್, ರಿಲೇ ಪರೀಕ್ಷಿಸಿದ ಮೇಲೆ ಮೋಟಾರ್. ಜುಲೈ ಆಗಸ್ಟ್‌ನಲ್ಲಿ ಇದನ್ನು ಒಂದು ದಿನವೂ ಮುಂದೂಡಬೇಡಿ, ಹೆಡ್ ಗ್ಯಾಸ್ಕೆಟ್ ಹೋದರೆ ಎಂಜಿನ್ ಬಿಚ್ಚಬೇಕಾಗುತ್ತದೆ.

ಪಿ0011, ಪಿ0014: ಕ್ಯಾಮ್ ಟೈಮಿಂಗ್

ಆಯಿಲ್ ಒತ್ತಡದಿಂದ ನಡೆಯುವ ವ್ಯವಸ್ಥೆ ಇದು. ಆಯಿಲ್ ಕಮ್ಮಿಯಾಗಿದ್ದರೆ, ಹಳೆಯದಾಗಿ ಕೆಸರು ಕಟ್ಟಿದ್ದರೆ, ತಪ್ಪು ಗ್ರೇಡ್ ಹಾಕಿದ್ದರೆ ಬರುತ್ತದೆ. ಮೊದಲ ಚಿಕಿತ್ಸೆ ಸರಿಯಾದ ಗ್ರೇಡ್‌ನ ಆಯಿಲ್ ಮತ್ತು ಫಿಲ್ಟರ್. ನಂತರ ಆಯಿಲ್ ಕಂಟ್ರೋಲ್ ವಾಲ್ವ್. ಸ್ಟಾರ್ಟ್ ಮಾಡುವಾಗ ಚೈನ್ ಸದ್ದು ಬರುತ್ತಿದ್ದರೆ ಮಾತ್ರ ಟೈಮಿಂಗ್ ಚೈನ್ ಕಡೆ ಹೋಗಿ.

ಪಿ0335: ಕ್ರ್ಯಾಂಕ್ ಸೆನ್ಸರ್

ಬಿಸಿಯಾದಾಗ ಏಕಾಏಕಿ ಆಫ್ ಆಗಿ, ಅರ್ಧ ಗಂಟೆ ತಣ್ಣಗಾದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆಗುವುದು ಈ ಸೆನ್ಸರ್‌ನ ಹಳೆ ಚಾಳಿ. ಹೈವೇ ಮಧ್ಯೆ ನಿಲ್ಲಿಸಬಹುದಾದ್ದರಿಂದ ವೈರ್ ಪರೀಕ್ಷಿಸಿ ಬೇಗ ಸರಿಮಾಡಿಸಿ. ಇದಕ್ಕೆ ಕಂಪನಿ ಪಾರ್ಟ್ ಹಾಕುವುದೇ ಲೇಸು.

ಪಿ0087: ಡೀಸೆಲ್ ಪಿಕಪ್ ಓಡಿಸುವವರಿಗೆ

ಲೋಡ್ ಹಾಕಿ ಏರು ಹತ್ತುವಾಗ ಶಕ್ತಿ ಹೋಗಿ ಈ ಕೋಡ್ ಬಂದರೆ ಇಂಧನದ ಒತ್ತಡ ಸಾಲುತ್ತಿಲ್ಲ. ದುಬಾರಿ ಪಂಪ್, ಇಂಜೆಕ್ಟರ್ ಮಾತಿಗೆ ಮೊದಲು ಡೀಸೆಲ್ ಫಿಲ್ಟರ್ ಬದಲಾಯಿಸಿ, ಅದರಲ್ಲಿ ನೀರು ಇದೆಯಾ ನೋಡಿ.

ಹಲವು ಕೋಡ್ ಒಟ್ಟಿಗೆ ಬಂದರೆ

ಎಲ್ಲಕ್ಕೂ ಒಂದೊಂದು ಪಾರ್ಟ್ ಲೆಕ್ಕ ಹಾಕಬೇಡಿ. ಮೊದಲು ವೋಲ್ಟೇಜ್, ನಂತರ ಗಾಳಿ-ಇಂಧನ, ನಂತರ ಮಿಸ್‌ಫೈರ್, ಕೊನೆಗೆ ಕನ್ವರ್ಟರ್. ಪಿ0171, ಪಿ0300, ಪಿ0420 ಮೂರೂ ಒಟ್ಟಿಗೆ ಇದ್ದರೆ ಒಂದೇ ಹೋಸ್‌ನ ಬಿರುಕು ಮೂರಕ್ಕೂ ಮೂಲವಾಗಿರಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೂರು ಪಾರ್ಟ್ ಒಟ್ಟಿಗೆ ಹಾಕಿದರೆ ಯಾವುದರಿಂದ ಸರಿಯಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಬಿಲ್ ಮಾತ್ರ ಮೂರರದ್ದೂ ಬರುತ್ತದೆ.

ಗ್ಯಾರೇಜಿನಲ್ಲಿ ಕೇಳಬೇಕಾದದ್ದು

ಅಲ್‌ಕೂಝ್ ಇರಲಿ, ಮುಸಫಾ ಇರಲಿ, ಕುವೈತ್‌ನ ಶುವೈಖ್ ಇರಲಿ, ಹಿಂದಿಯಲ್ಲೋ ಮಲಯಾಳದಲ್ಲೋ ಕೇಳಬೇಕಾದ ಪ್ರಶ್ನೆಗಳು ಇವೇ.

ಕೋಡ್ ನಂಬರ್ ಏನು? ಫ್ರೀಜ್ ಫ್ರೇಮ್ ತೋರಿಸಿ.
ಈ ಪಾರ್ಟೇ ಹಾಳಾಗಿದೆ ಎಂದು ಯಾವ ಪರೀಕ್ಷೆಯಿಂದ ಗೊತ್ತಾಯಿತು?
ಪರೀಕ್ಷೆಗೆ ಎಷ್ಟು, ಪಾರ್ಟ್‌ಗೆ ಎಷ್ಟು, ಕೂಲಿ ಎಷ್ಟು?
ಪಾರ್ಟ್ ಕಂಪನಿಯದಾ, ಬೇರೆ ಬ್ರ್ಯಾಂಡಾ, ಹಳೆಯದಾ?
ಇದರಿಂದ ಸರಿಯಾಗದಿದ್ದರೆ ಮುಂದೇನು?

ಪರೀಕ್ಷೆಗೆ ದುಡ್ಡು ಕೇಳಿದರೆ ಬೇಸರ ಬೇಡ. ಒಂದು ಗಂಟೆಯ ಸರಿಯಾದ ಪರೀಕ್ಷೆ ಎರಡು ಬೇಡದ ಪಾರ್ಟ್‌ಗಿಂತ ಅಗ್ಗ. ಬಿಚ್ಚಿದ ಹಳೆ ಪಾರ್ಟನ್ನು ವಾಪಸ್ ಕೇಳಿ, ಬಿಲ್ ಇಟ್ಟುಕೊಳ್ಳಿ. ಶಾರ್ಜಾದ ಹಳೆ ಪಾರ್ಟ್ ಅಂಗಡಿಗಳಲ್ಲಿ, ಸೌದಿಯ ತಶ್ಲೀಹ್‌ಗಳಲ್ಲಿ ಒಳ್ಳೆಯ ಒರಿಜಿನಲ್ ಪಾರ್ಟ್ ಸಿಗುವುದುಂಟು. ಆದರೆ ಸೆನ್ಸರ್, ಕಾಯಿಲ್, ಪೆಟ್ರೋಲ್ ಪಂಪ್ ಥರದವನ್ನು ಹಳೆಯದು ತರುವುದು ಜೂಜು. ಕಾರು ಇನ್ನೂ ವಾರಂಟಿಯಲ್ಲಿದ್ದರೆ ಹೊರಗೆ ಬಿಚ್ಚಿಸುವ ಮೊದಲು ಏಜೆನ್ಸಿಗೆ ತೋರಿಸಿ.

ಅಳಿಸಿದ ಮೇಲೆ, ಮತ್ತು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ

ಕೋಡ್ ಅಳಿಸಿದರೆ ಅಥವಾ ಬ್ಯಾಟರಿ ಕಳಚಿದರೆ ಕಾರಿನ ಸ್ವಯಂ ಪರೀಕ್ಷೆಗಳೂ ಸೊನ್ನೆಗೆ ಬರುತ್ತವೆ. ಆ್ಯಪ್‌ನಲ್ಲಿ ರೆಡಿನೆಸ್ ಮಾನಿಟರ್ ಎಂಬ ಪುಟದಲ್ಲಿ ಅವು ಪೂರ್ಣವಾಗಿಲ್ಲ ಎಂದು ತೋರಿಸುತ್ತದೆ. ಊರೊಳಗೆ, ಹೈವೇಯಲ್ಲಿ, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಹೀಗೆ ಕೆಲವು ದಿನ ಓಡಿಸಿದ ಮೇಲೆ ಒಂದೊಂದೇ ಮುಗಿಯುತ್ತವೆ. ಎಲ್ಲ ಮುಗಿದೂ ಕೋಡ್ ಬರಲಿಲ್ಲ ಎಂದರೆ ಮಾತ್ರ ರಿಪೇರಿ ಗೆದ್ದಿದೆ ಅನ್ನಬಹುದು. ದೋಷ ನಿಜವಾಗಿ ಹೋದರೆ, ಅಳಿಸದೇ ಇದ್ದರೂ, ಸಾಮಾನ್ಯವಾಗಿ ಮೂರು ಸಲದ ಸರಿಯಾದ ಓಡಾಟದ ನಂತರ ಲೈಟ್ ತಾನೇ ಆರುತ್ತದೆ. ಪಾಸಿಂಗ್‌ಗೆ ಒಯ್ಯುವ ಬೆಳಗ್ಗೆ ಕೋಡ್ ಅಳಿಸುವ ಬದಲು ಒಂದು ತಿಂಗಳು ಮುಂಚೆಯೇ ನೋಡಿಕೊಳ್ಳುವುದು ಒಳ್ಳೆಯದು.

ಇದೇ ಪುಟ ಹಳೆ ಕಾರು ಕೊಳ್ಳುವಾಗ ನಿಮ್ಮ ರಕ್ಷಣೆ. ಮಾರುವವರು ಹಿಂದಿನ ದಿನ ಕೋಡ್ ಅಳಿಸಿದ್ದರೆ ಲೈಟ್ ಇರುವುದಿಲ್ಲ, ಆದರೆ ಮಾನಿಟರ್‌ಗಳು ಅಪೂರ್ಣ ಎಂದು ಕಾಣುತ್ತವೆ. "ನಿನ್ನೆ ಬ್ಯಾಟರಿ ಹಾಕಿಸಿದ್ದು" ಅಂದರೆ ಬಿಲ್ ಕೇಳಿ, ಇಲ್ಲವೇ ಒಂದು ವಾರ ಬಿಟ್ಟು ಮತ್ತೆ ಬಂದು ಸ್ಕ್ಯಾನ್ ಮಾಡಿ. ಇನ್ನೊಂದು: ಕೀ ಆನ್ ಮಾಡಿದಾಗ, ಎಂಜಿನ್ ಸ್ಟಾರ್ಟ್ ಆಗುವ ಮೊದಲು, ಚೆಕ್ ಎಂಜಿನ್ ಲೈಟ್ ಒಮ್ಮೆ ಹೊತ್ತಲೇಬೇಕು. ಹೊತ್ತದಿದ್ದರೆ ಬಲ್ಬ್ ತೆಗೆದಿರಬಹುದು ಅಥವಾ ಏನೋ ಮುಚ್ಚಿಟ್ಟಿರಬಹುದು. ಅಂಥ ಕಾರಿಗೆ ಅಡ್ವಾನ್ಸ್ ಕೊಡಬೇಡಿ.

ರಜೆಗೆ ಊರಿಗೆ ಹೋಗುವ ಮೊದಲು

ಡಾಂಗಲ್ ಸಾಕೆಟ್‌ನಲ್ಲೇ ಬಿಟ್ಟು ಹೋಗಬೇಡಿ. ಆ ಸಾಕೆಟ್‌ಗೆ ಕೀ ಆಫ್ ಇದ್ದರೂ ವಿದ್ಯುತ್ ಬರುತ್ತಿರುತ್ತದೆ, ತಿಂಗಳು ಕಳೆದು ಬಂದಾಗ ಬ್ಯಾಟರಿ ಸತ್ತಿರುತ್ತದೆ. ಸಾಧ್ಯವಾದರೆ ನೆರಳಲ್ಲಿ ನಿಲ್ಲಿಸಿ, ನಂಬಿಕೆಯ ರೂಮ್‌ಮೇಟ್‌ಗೆ ಕೀ ಕೊಟ್ಟು ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲು ಹೇಳಿ. ಇನ್ಶೂರೆನ್ಸ್ ಅವರಿಗೂ ಅನ್ವಯಿಸುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಬಂದ ಮೇಲೆ ಹಲವು ಲೈಟ್ ಒಟ್ಟಿಗೆ ಹೊತ್ತಿದರೆ ಬ್ಯಾಟರಿ ಚಾರ್ಜ್ ಮಾಡಿ ಅಥವಾ ಬದಲಾಯಿಸಿ, ಒಂದೆರಡು ದಿನ ಓಡಿಸಿ, ಆಮೇಲೂ ಉಳಿದ ಕೋಡ್ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಆ ಡಾಂಗಲನ್ನು ಬ್ಯಾಗಿಗೆ ಹಾಕಿಕೊಂಡು ಹೋದರೆ ಮನೆಯ ಕಾರಿಗೂ ಆಗುತ್ತದೆ. ಭಾರತದಲ್ಲಿ ಒಬಿಡಿ 2 ಹಂತ 2013ರ ಏಪ್ರಿಲ್‌ನಿಂದ ಬಂತು, ಬಿಎಸ್ 6 ನಿಯಮ 2020ರ ಏಪ್ರಿಲ್‌ನಿಂದ. ಸಾಕೆಟ್ ಅದೇ, ಕೋಡ್ ಅದೇ. ಊರಿನಿಂದ "ಕಾರಲ್ಲಿ ಹಳದಿ ಲೈಟ್ ಬಂದಿದೆ, ಮೆಕ್ಯಾನಿಕ್ ಇಷ್ಟು ಸಾವಿರ ಹೇಳ್ತಿದ್ದಾನೆ" ಅಂತ ಫೋನ್ ಬಂದಾಗ ಮೊದಲು ಕೋಡಿನ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳಿ. ಯಾವ ಪರೀಕ್ಷೆ ಮಾಡಿದರು ಅಂತ ಅಲ್ಲಿಯೂ ಕೇಳಿಸಿ, ಆಮೇಲೆ ದುಡ್ಡು ಕಳುಹಿಸಿ.